ಎಣ್ಣೆ ಕುಡಿದ ಬುಷ್

ಹೊಳೆ ದಂಡೆಯ ಮೇಲೆ ಬುಡನ್‌ಸಾಬರ ತಗಡಿನ ಶೆಡ್ ಇತ್ತು. ಹಳೆ ಕಾರುಗಳ ರಿಪೇರಿ ಅವರ ಕೆಲಸ. ದ್ಯಾಮಣ್ಣ ಅವರ ಕೈಕೆಳಗೆ ಕಲಿಯುತ್ತಿದ್ದ. ಉಸ್ತಾದ್ ಎಂದು ಕರೆಯುತ್ತಿದ್ದ.

ಒಂದು ಮಧ್ಯಾಹ್ನ ಡ್ಯಾಮಿನ ಸೈರನ್ ಕೂಗಿತು. ಇನ್ನೊಂದು ತಾಸಿಗೆ ನೀರು ಬರುತ್ತದೆ ಎಂದರ್ಥ.

ಕೆಳಗೆ ಮರಳಿನಲ್ಲಿ ಒಂದು ಹಸಿರು ಕಾರು ನಿಂತಿತ್ತು. ಬಹಳ ಹಳೆಯದು. ಒಳಗೆ ವೆಂಕೋಬರಾಯರು ಕೂತಿದ್ದರು. ಬೆಳಿಗ್ಗೆ ಹೆಂಡತಿಯ ಅಸ್ಥಿ ಬಿಡಲು ಬಂದವರು. ಬಿಟ್ಟಾಗಿತ್ತು. ಕಾರು ಸ್ಟಾರ್ಟ್ ಆಗಲಿಲ್ಲ.

ದ್ಯಾಮಣ್ಣ ಇಳಿದು ಓಡಿದ.

"ರಾಯರ, ಹೊರಗ ಬರ್ರಿ. ನೀರು ಬಿಟ್ಟಾರ."

"ಬರ್ಲಿ ಬಿಡು."

"ಏನ್ ಮಾತ್ರೀ ಇದು!"

ರಾಯರು ಸ್ಟೇರಿಂಗಿನ ಪಕ್ಕದ ಗುಂಡಿ ತೋರಿಸಿದರು. ಸೆಲ್ಫಿನ ಗುಂಡಿ. ಅದನ್ನು ಎಳೆದರೆ ಸೆಲ್ಫ್ ಮೋಟಾರು ತಿರುಗಿ ಇಂಜಿನ್ನನ್ನು ಎಬ್ಬಿಸುತ್ತದೆ.

"ನಲವತ್ತೊಂದು ವರ್ಷ ಅಕಿ ಬಾಜೂಕ ಕೂತು ಇದನ್ನ ಎಳೀತಿದ್ಲು. ಒಂದಿನಾನೂ ತಪ್ಪಲಿಲ್ಲ. ಇವತ್ತ ನಾ ಎಳದೆ. ಬರೇ ಕಟ್ ಅಂತು."

"ಅದಕ್ಕ?"

"ಅದಕ್ಕ ಏನಿಲ್ಲ. ಇಲ್ಲೇ ಇರ್ತೀನಿ."

ದ್ಯಾಮಣ್ಣ ತೋಳು ಹಿಡಿದು ಎಳೆದ. ರಾಯರು ಸ್ಟೇರಿಂಗ್ ಅಪ್ಪಿಕೊಂಡರು.

ಹಿಂದಿನಿಂದ ಬುಡನ್‌ಸಾಬರು ಬಂದರು. ಕೈಯಲ್ಲಿ ಸರಪಳಿ.

"ಬಿಡೋ ಅವರನ್ನ."

"ಸಾಯ್ತಾರ ಉಸ್ತಾದ್!"

"ಇವತ್ತ ನೀ ಎಳದು ತರ್ತಿ. ನಾಳೆ ಮತ್ತ ಬಂದು ಕುಂಡ್ರತಾರ. ನೀ ಇರ್ತಿ ಏನು ದಿನಾ? ಸೆಲ್ಫ್ ಬಿಚ್ಚು."

ದ್ಯಾಮಣ್ಣ ಬಾನೆಟ್ ಎತ್ತಿದ. ಎರಡು ಬೋಲ್ಟು, ಒಂದು ವೈರು. ಸೆಲ್ಫ್ ಕೈಗೆ ಬಂತು. ಅಷ್ಟರಲ್ಲಿ ಉಸ್ತಾದರು ಕಾರನ್ನು ಹೊಳೆಯ ಮೆಟ್ಟಿಲ ಬಳಿಯ ಕಲ್ಲುಕಂಬಕ್ಕೆ ಸರಪಳಿಯಿಂದ ಕಟ್ಟಿದ್ದರು.

ಇಬ್ಬರೂ ಮೇಲೆ ಹೋದರು. ರಾಯರು ತಿರುಗಿ ನೋಡಲಿಲ್ಲ.

ಶೆಡ್ಡಿನಲ್ಲಿ ಗೋಣಿತಟ್ಟಿನ ಮೇಲೆ ಸೆಲ್ಫ್ ಬಿಚ್ಚಿಕೊಂಡಿತು. ಬುಷ್ ಸವೆದಿತ್ತು. ಬುಷ್ ಎಂದರೆ ಉಂಗುರದಷ್ಟು ಕಂಚಿನ ಬಳೆ. ಮೋಟಾರಿನ ಕಂಬಿ ಅದರೊಳಗೆ ತಿರುಗುತ್ತದೆ. ದುಂಡಗಿರಬೇಕಾದ ತೂತು ಮೊಟ್ಟೆಯಂತಾಗಿತ್ತು.

ದ್ಯಾಮಣ್ಣ ಹೊಸ ಬುಷ್ ತೆಗೆದ. ಕೂರಿಸಲು ಸುತ್ತಿಗೆ ಎತ್ತಿದ.

ಉಸ್ತಾದರು ಸುತ್ತಿಗೆ ಕಸಿದರು.

"ಒಣಾ ಬುಷ್ ಹಾಕ್ತಿ? ಸುಟ್ಟು ಹೋಗ್ತೈತಿ. ಎಣ್ಣಿ ಕುಡಿಸು."

"ಒಂದು ದಿನ ನೆನಸಬೇಕಲ್ರಿ ಅದನ್ನ! ಅಲ್ಲಿ ಮನುಷ್ಯಾ ಸಾಯಾಕತ್ತಾನ. ಇಲ್ಲಿ ನೀವು ಎಣ್ಣಿ ಅಂತೀರಿ!"

"ಅವಸರಕ್ಕ ಹೆಬ್ಬೆರಳು ಐತಿ. ಬುಷ್ ತುಂಬ ಎಣ್ಣಿ ಹಾಕು. ಕೆಳಗ ಒಂದು ಬೆರಳು, ಮ್ಯಾಲ ಹೆಬ್ಬೆರಳು. ಜೋರಾಗಿ ಒತ್ತು. ಕಂಚಿನಾಗ ಕಣ್ಣಿಗೆ ಕಾಣದ ತೂತು ಇರ್ತಾವ. ಎಣ್ಣಿ ಅದರಾಗ ಇಳದು ಹೊರಗ ಬೆವರು ಬರ್ತೈತಿ."

"ಕೊಡ್ರಿ, ಒತ್ತತೀನಿ."

"ನಿನ್ನ ಕೈ ನೋಡ್ಕೊ. ಹಿಟ್ಟಿನ ಗಿರಣಿ ಹಂಗ ನಡುಗಾಕತ್ತೈತಿ. ರಾಯರ ಕೈಗೆ ಕೊಡು."

"ರಾಯರ ಕೈಗೆ?"

"ಬೆವತ ಮ್ಯಾಲ ನನ್ನ ಕೈಗೇ ಕೊಡಬೇಕಂತ ಹೇಳು. ಹೋಗು."

ದ್ಯಾಮಣ್ಣ ಬುಷ್, ಎಣ್ಣೆ ಡಬ್ಬಿ ಹಿಡಿದು ಇಳಿದ. ನೀರು ಬಂದಿತ್ತು. ಮೊಣಕಾಲಿಗೆ ತಾಗಿತು. ಕಾರಿನ ಚಕ್ರ ಅರ್ಧ ಮುಳುಗಿತ್ತು.

"ರಾಯರ, ಕೈ ಚಾಚ್ರಿ."

"ಹೋಗಪ್ಪಾ ನೀನು."

"ಉಸ್ತಾದ್ ಕೇಳ್ಯಾರ. ನಿಮ್ಮ ಕಾರಿಂದೇ ಸಾಮಾನು."

ರಾಯರು ಸುಮ್ಮನೆ ಕೈ ಚಾಚಿದರು. ದ್ಯಾಮಣ್ಣ ಅವರ ಬೆರಳ ಮೇಲೆ ಬುಷ್ ಇಟ್ಟು ಎಣ್ಣೆ ತುಂಬಿದ. ಮೇಲೆ ಹೆಬ್ಬೆರಳಿನಿಂದ ಮುಚ್ಚಿಸಿದ.

"ಒತ್ರಿ."

ರಾಯರು ಒತ್ತಿದರು. ಏನೂ ಆಗಲಿಲ್ಲ. ನೀರು ಬಾಗಿಲಿನ ಸಂದಿನಿಂದ ಒಳಗೆ ಬಂತು. ಅವರ ಚಪ್ಪಲಿ ತೇಲಿತು.

"ಇನ್ನೂ ಒತ್ರಿ."

ರಾಯರು ಹಲ್ಲು ಕಚ್ಚಿದರು. ಕೈ ನಡುಗಲಿಲ್ಲ. ಒಂದು ಹನಿ ಕಂಚಿನ ಮೈಮೇಲೆ ಮೂಡಿತು. ಆಮೇಲೆ ಇನ್ನೊಂದು. ಸುತ್ತಲೂ ಸಣ್ಣ ಸಣ್ಣ ಹನಿ.

ರಾಯರು ನೋಡುತ್ತಲೇ ಇದ್ದರು.

"ಬೆವರ್ತದಲ್ಲೋ."

"ಹೂಂರಿ."

"ಮುಂದ?"

"ಉಸ್ತಾದ್ ಕೈಗೇ ಕೊಡಬೇಕಂತ್ರಿ. ನಾ ಇಸಗೊಂಡ್ರ ಚೆಲ್ತೈತಿ."

ರಾಯರು ಹೊಳೆ ನೋಡಿದರು. ಕೈ ನೋಡಿದರು. ಬಿಟ್ಟರೆ ಎಣ್ಣೆ ಹೋಗುತ್ತದೆ.

"ಬಾಗಿಲು ತಗಿ," ಎಂದರು. "ನನ್ನ ಕೈ ಖಾಲಿ ಇಲ್ಲ."

ಬಾಗಿಲು ತೆಗೆಯಲು ಇಬ್ಬರ ಬಲ ಬೇಕಾಯಿತು. ರಾಯರು ಒಳಗಿನಿಂದ ಭುಜ ಕೊಟ್ಟು ತಳ್ಳಿದರು. ನೀರು ತೊಡೆಗೆ ಬಂದಿತ್ತು. ಸೆಳೆತ ಜೋರಿತ್ತು. ರಾಯರು ಆ ಕೈಯನ್ನು ತಲೆಯ ಮೇಲೆ ಎತ್ತಿ ನಡೆದರು. ಒಮ್ಮೆ ಕಾಲು ಜಾರಿತು. ಮಂಡಿ ಊರಿದರು. ಬೆರಳು ಬಿಡಲಿಲ್ಲ.

ಶೆಡ್ಡಿಗೆ ಬಂದು ಕೈ ಮುಂದೆ ಹಿಡಿದರು. ಉಸ್ತಾದರು ಬುಷ್ ತೆಗೆದುಕೊಂಡರು. ಒರೆಸಿದರು. ಮೂರು ಏಟಿಗೆ ಕೂರಿಸಿದರು.

ಕೆಳಗೆ ನೀರು ಬಾನೆಟ್ಟಿನ ಮೇಲೆ ಹತ್ತಿತು. ಸರಪಳಿ ಬಿಗಿಯಿತು. ತುಂಡಾಗಲಿಲ್ಲ.

ಉಸ್ತಾದರು ಹಳೆ ಬುಷ್ ಎತ್ತಿ ಕೊಟ್ಟರು.

"ನೋಡ್ರಿ ರಾಯರ. ಇವತ್ತ ಕೆಟ್ಟದ್ದಲ್ಲ ಇದು."

"ಮತ್ತ?"

"ಅಮ್ಮಾವ್ರು ಎಳದು ಎಳದು ಸವದದ್ದು."

ರಾಯರು ಆ ಮೊಟ್ಟೆಯಂಥ ತೂತಿನಲ್ಲಿ ಕಿರುಬೆರಳು ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಬುಷ್ಷನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಮೂರನೆಯ ದಿನ ನೀರು ಇಳಿಯಿತು. ಟ್ರ್ಯಾಕ್ಟರ್ ಕಟ್ಟಿ ಕಾರು ಎಳೆದರು. ಇಂಜಿನ್ ಬಿಚ್ಚಿ, ಕೆಸರು ತೊಳೆದು, ಒಣಗಿಸಲು ಎಂಟು ದಿನ ಹಿಡಿಯಿತು. ರಾಯರು ದಿನಾ ಬಂದು ಕೂರುತ್ತಿದ್ದರು. ಸ್ಪ್ಯಾನರ್ ಎತ್ತಿ ಕೊಡುತ್ತಿದ್ದರು. ತಪ್ಪು ನಂಬರಿನದು ಕೊಟ್ಟು ಬೈಸಿಕೊಳ್ಳುತ್ತಿದ್ದರು.

ಅದರ ಮರುದಿನ ದ್ಯಾಮಣ್ಣ ಸೆಲ್ಫ್ ಕೂರಿಸಿದ.

ರಾಯರು ಸ್ಟೇರಿಂಗ್ ಮುಂದೆ ಕೂತರು. ಬಾಜೂಕಿನ ಸೀಟು ಖಾಲಿ. ಅವರ ಕೈ ಗುಂಡಿಯ ಹತ್ತಿರ ಹೋಗಿ ನಿಂತಿತು. ಮುಟ್ಟಲಿಲ್ಲ.



ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಕೈ ಹಾಕಿ ತಾನೇ ಎಳೆಯಲು ಹೋದ.

ಉಸ್ತಾದರು ಆ ಕೈಗೆ ಫಟ್ ಎಂದು ಹೊಡೆದರು. ರಾಯರ ಕಡೆ ಬಾಗಿದರು.

"ಬುಷ್ ಹೊಸಾದೈತ್ರಿ, ರಾಯರ. ಸವೆಸೋರು ಬೇಕು."