ಉಡಿದಾರ ಕೂಗಿದ್ದಕ್ಕೆ ದೊರೆ ಎತ್ತರವಾದದ್ದು

ಒಂದಾನೊಂದು ಊರಿನಲ್ಲಿ, ಒಲೆಯ ಹೊಗೆ ಎಂದೂ ನಿಲ್ಲದ ಊರಿನಲ್ಲಿ, ದುಂಡುಮಲ್ಲ ಎಂಬ ದೊರೆಯಿದ್ದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಕೊಪ್ಪರಿಗೆ. ಸೊಂಟದ ಉಡಿದಾರ ಬಿಗಿಯಾದಾಗಲೆಲ್ಲ ಅದಕ್ಕೆ ಇನ್ನೊಂದು ತುಂಡು ದಾರ ಗಂಟು ಹಾಕುವುದು ಅರಮನೆಯ ಪದ್ಧತಿ. ಗಂಟು ಹಾಕಿದ ದಿನ ಹೋಳಿಗೆ ಊಟ. ಹೋಳಿಗೆ ಉಂಡ ಮೇಲೆ ಮತ್ತೆ ಗಂಟು.

ಒಮ್ಮೆ ಊಟದ ನಡುವೆ ಉಡಿದಾರವೇ ಕೂಗಿಕೊಂಡಿತು. "ಸಾಕು ದೊರೆಯೇ, ಸಾಕು! ನಾನೀಗ ನಿನ್ನ ಎತ್ತರದ ಅರ್ಧಕ್ಕಿಂತ ಉದ್ದವಾಗಿದ್ದೇನೆ. ಅರ್ಧ ದಾಟಿದರೆ ಅಪಾಯ."

"ಯಾರಿಗೆ?"

"ನನಗೆ!" ಎಂದು ಒಳಗಿನಿಂದ ಗುಂಡಿಗೆ ಬಡಿಯಿತು. "ಕೊಬ್ಬು ಬಂದು ಚಾಪೆ ಹಾಸಿ ಮಲಗಿದೆ. ನನಗೆ ಕಾಲು ಚಾಚಲು ಜಾಗವಿಲ್ಲ. ಅಮಾವಾಸ್ಯೆಯೊಳಗೆ ಅದನ್ನು ಎಬ್ಬಿಸು. ಇಲ್ಲವಾದರೆ ನಾನೇ ಮನೆ ಖಾಲಿ ಮಾಡುತ್ತೇನೆ."

ರಾಣಿ ಮುದ್ದಾಜಮ್ಮ ತುಪ್ಪದ ಗಿಂಡಿಯನ್ನು ದೂರ ಸರಿಸಿದಳು. "ಕೇಳಿಸಿತೇ? ಅದು ಹೊರಟರೆ ನೀವು ಉಳಿಯುತ್ತೀರಾ? ಊಟ ಅರ್ಧ ಮಾಡಿ."

"ಊಟವೇಕೆ ಅರ್ಧವಾಗಬೇಕು? ಎತ್ತರ ಹೆಚ್ಚಲಿ! ಆಗ ಅದರ ಅರ್ಧವೂ ಹೆಚ್ಚುತ್ತದೆ," ಎಂದ ದೊರೆ. ಗೋಪುರದಂಥ ಕಿರೀಟ ಮಾಡಿಸಿ ಇಟ್ಟುಕೊಂಡ.

"ಕಿರೀಟ ಲೆಕ್ಕಕ್ಕಿಲ್ಲ," ಎಂದಿತು ಉಡಿದಾರ. "ನಡೆಯುವಂಥದ್ದನ್ನು ಮಾತ್ರ ಎತ್ತರಕ್ಕೆ ಸೇರಿಸುತ್ತೇನೆ."

"ಹಾಗಾದರೆ ಮರಗಾಲು ತನ್ನಿ!"

ಮರಗಾಲು ಬಂತು. ದೊರೆ ಹತ್ತಿದ. ನಿಂತರೆ ಬೀಳುತ್ತಾನೆ, ನಡೆದರೆ ಬೀಳುವುದಿಲ್ಲ. ಅದಕ್ಕೇ ನಡೆದ. ನಡೆದ, ನಡೆದ, ನಡೆಯುತ್ತಲೇ ಇದ್ದ. ಅವನು ತೂರಲೆಂದು ಬಾಗಿಲುಗಳನ್ನು ಒಡೆದು ಎತ್ತರಿಸಿದರು. ಮಂತ್ರಿಗಳು ಓಡುತ್ತಾ ರಾಜ್ಯದ ಸುದ್ದಿ ಒದರಿದರು. ಅಡುಗೆಯವರು ಏಣಿ ಹೊತ್ತು ಬೆನ್ನಟ್ಟಿದರು. ಏಣಿ ಊರುವಷ್ಟರಲ್ಲಿ ದೊರೆ ಮುಂದಿನ ಬೀದಿಯಲ್ಲಿ. ಹೋಳಿಗೆ ಒಂದು ಬೀದಿಯಲ್ಲಿ, ಬಾಯಿ ಇನ್ನೊಂದು ಬೀದಿಯಲ್ಲಿ. ಕೈಗೆ ಎಟುಕಿದ್ದು ಮರದ ಮೇಲಿನ ನೆಲ್ಲಿಕಾಯಿ, ನೇರಳೆಹಣ್ಣು.

"ನನ್ನನ್ನು ಇಳಿಸಿರೋ!" ಎಂದು ದೊರೆ ಅರಚಿದ.

"ಯಾರಾದರೂ ಇಳಿಸಿದಿರೋ, ನಿಮಗೂ ಮರಗಾಲು ಕಟ್ಟಿಸುತ್ತೇನೆ!" ಎಂದಳು ರಾಣಿ. ಯಾರೂ ಹತ್ತಿರ ಸುಳಿಯಲಿಲ್ಲ.

ಅಮಾವಾಸ್ಯೆ ಬಂತು. ಒಳಗಿನ ಕೂಗಾಟ ಕೇಳಿಸಲಿಲ್ಲ. ದೊರೆ ಬೆವತುಹೋದ. "ಗುಂಡಿಗೆಯೇ, ಹೊರಟೇಬಿಟ್ಟೆಯಾ?"

"ಷ್! ಮಾತಾಡಿಸಬೇಡ," ಎಂದಿತು ಗುಂಡಿಗೆ. "ಈಗಷ್ಟೇ ಕಾಲು ಚಾಚಿದ್ದೇನೆ."

ರಾಣಿ ಬೀದಿಯಲ್ಲೇ ಕುಸಿದು ಕುಳಿತಳು. ಅತ್ತಳು, ನಕ್ಕಳು. ಅಷ್ಟರಲ್ಲಿ ಸಡಿಲಾದ ಉಡಿದಾರ ಲಂಗೋಟಿಯ ಸಮೇತ ಸರ್ರನೆ ಕೆಳಗಿಳಿಯಿತು. ಊರಿಗೆ ಊರೇ ತಲೆಯೆತ್ತಿತು.

ದೊರೆ ಎದೆಯುಬ್ಬಿಸಿದ. "ಕಂಡಿರಾ? ಎಲ್ಲ ಎತ್ತರದ ಮಹಿಮೆ!"

"ಕಂಡೆವು ಮಹಾಸ್ವಾಮಿ," ಎಂದರು ಜನ. "ಇನ್ನು ತೋರಿಸುವುದು ಬೇಡ, ಇಳಿಯಿರಿ."

ಇದರ ನೀತಿ: ಸೊಂಟ ಅರ್ಧ ದಾಟಿದವರು ಎತ್ತರವಾಗಬೇಕು. ಆಗದವರು, ಪಾಪ, ನಡೆಯಬೇಕು. ಕತೆ ಇಲ್ಲಿ ಕುಳಿತಿತು, ಕೇಳಿದವರು ಏಳಿ.