ಹಾಲೇಶಿಯ ಪಾನಾ ಪೆಟ್ಟಿಗೆ

“ಆ ಪಾನಾಗಳಿಗೆ ಒಂದು ಪೆಟ್ಟಿಗೆ ತಗಳ್ರಿ. ಇಲ್ಲಾಂದ್ರೆ ನಿಮಗೆ ಏನೂ ಸಿಗಲ್ಲ.”

ಕೊಟ್ರಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಗೋಡೆ ಕಡೆ ಮಗ್ಗುಲಾದಳು. ಆಮೇಲೆ ಏಳಲಿಲ್ಲ.

ಅವಳ ಗಂಡ ಹಾಲೇಶಿ. ಹರಿಹರದಲ್ಲಿ, ಹೊಳೆ ಸೇತುವೆಗೆ ಹೋಗುವ ದಾರಿಯಲ್ಲಿ, ಬೈಕ್ ರಿಪೇರಿ ಅಂಗಡಿ ಅವನದು. ನಟ್ಟು ಬಿಚ್ಚುವ ಪಾನಾ, ಇಕ್ಕಳ, ಸುತ್ತಿಗೆ, ಒಂದು ಗಾಳಿ ಕಂಪ್ರೆಸರ್. ಇವಿಷ್ಟೇ ಅವನ ಆಸ್ತಿ.

ಮಣ್ಣು ಮಾಡಿ ಬಂದದ್ದಾಯಿತು. ಕಾರ್ಯ ಮುಗಿಯಿತು. ನೆಂಟರು ಹೋದರು. ಅಂಗಡಿಯ ಶೆಟರ್ ಮಾತ್ರ ಮೇಲೇಳಲಿಲ್ಲ.

ಕೇಳಿದವರಿಗೆಲ್ಲ ಹಾಲೇಶಿಯದು ಒಂದೇ ಉತ್ತರ.

“ಪೆಟ್ಟಿಗೆ ಬರಲಿ. ಆಮೇಲೆ ತೆಗೀತೀನಿ.”

ಪೆಟ್ಟಿಗೆ ಬರುವುದು ಸುಲಭವಿರಲಿಲ್ಲ. ಪ್ಲಾಸ್ಟಿಕ್ಕಿನದು ತೋರಿಸಿದರೆ, ಪೆಟ್ರೋಲು ಬಿದ್ದರೆ ಮೆತ್ತಗಾಗುತ್ತದೆ ಅಂದ. ಮರದ್ದು ಎಣ್ಣೆ ಕುಡಿಯುತ್ತದೆ ಅಂದ. ತಗಡಿನದು ತೋರಿಸಿದರೆ ಚಿಲಕ ಸರಿಯಿಲ್ಲ ಅಂದ.

ಹಾರ್ಡ್‌ವೇರ್ ಅಂಗಡಿಯ ಶೆಟ್ಟರಿಗೆ ಸಾಕಾಯಿತು.

“ಏನ್ರೀ ಹಾಲೇಶಪ್ಪ, ಹೆಣ್ಣು ನೋಡೋಕೆ ಬಂದೋರೂ ಇಷ್ಟು ಐಬು ಎತ್ತಲ್ಲ!”

ಅಂದವರೇ ನಾಲಿಗೆ ಕಚ್ಚಿಕೊಂಡರು. ಹಾಲೇಶಿ ಹೊರಗೆ ಬಂದ.

ದಾವಣಗೆರೆಯಲ್ಲಿ ಒಂದು ಕಡೆ ಅವನಿಗೆ ಬೇಕಾದ್ದು ಕಂಡಿತು. ಕೆಂಪು ಬಣ್ಣದ್ದು. ಕೆಳಗೆ ಗಾಲಿ. ಎದೆ ಮಟ್ಟದ ತನಕ ಒಂದರ ಮೇಲೊಂದು ಡ್ರಾಯರ್. ಎಳೆದರೆ ಸದ್ದಿಲ್ಲದೆ ಬರುತ್ತಿತ್ತು. ತಳ್ಳಿದರೆ ಸದ್ದಿಲ್ಲದೆ ಹೋಗುತ್ತಿತ್ತು.

ಬೆಲೆ ಕೇಳಿ ಹಾಲೇಶಿ ಕೈ ಹಿಂದಕ್ಕೆ ತೆಗೆದುಕೊಂಡ. ಮನಸ್ಸು ಅಲ್ಲೇ ಉಳಿಯಿತು.

ಇತ್ತ ಗಿರಾಕಿಗಳು ಕಾದು ನೋಡಿದರು. ಹಾಲು ಹಾಕುವ ನಿಂಗಪ್ಪ ಕ್ಯಾನು ಕಟ್ಟಿದ ಬೈಕು ತಳ್ಳಿಕೊಂಡು ಬಂದು ಮನೆ ಬಾಗಿಲಲ್ಲಿ ನಿಂತ.

“ಹಾಲೇಶಣ್ಣ, ನಿನ್ನ ಪೆಟ್ಟಿಗೆ ಬರೋ ಹೊತ್ತಿಗೆ ನನ್ನ ಹಾಲು ಮೊಸರಾಗಿರ್ತೈತೆ.”

“ಇನ್ನೊಂದೆರಡು ದಿನ ತಡಿಯಪ್ಪ.”

“ನಾನು ತಡೀತೀನಿ. ಎಮ್ಮೆ ತಡೀಬೇಕಲ್ಲ?”

ನಿಂಗಪ್ಪ ಬೈಕನ್ನು ರಸ್ತೆಯ ಆಚೆ ಬದಿಯ ಹೊಸ ಅಂಗಡಿಗೆ ತಳ್ಳಿಕೊಂಡು ಹೋದ. ಅವನ ಹಿಂದೆ ಉಳಿದವರೂ ಹೋದರು. ಹೀಗೇ ಮುಚ್ಚಿದ್ದರೆ ತನ್ನ ಅಂಗಡಿ ಇನ್ನು ತೆರೆದರೂ ಒಂದೇ, ತೆರೆಯದಿದ್ದರೂ ಒಂದೇ ಎಂದು ಹಾಲೇಶಿಗೆ ಗೊತ್ತಿತ್ತು. ಗೊತ್ತಿದ್ದೂ ಕೈಕಾಲು ಏಳುತ್ತಿರಲಿಲ್ಲ.

ಕಡೆಗೆ ಒಂದು ತೀರ್ಮಾನಕ್ಕೆ ಬಂದ. ಹೊಳೆ ದಂಡೆಗೆ ಹೋದ.

ಅಲ್ಲಿ ಒಂದು ತಗಡಿನ ಚಪ್ಪರ. ಅದರ ಕೆಳಗೆ ದಾದಾಪೀರ್ ಉಸ್ತಾದ್. ಹಾಲೇಶಿ ಮೀಸೆ ಬರುವ ಮೊದಲೇ ಅವರ ಹತ್ತಿರ ಕೆಲಸ ಕಲಿತವನು. ಈಗ ಅವರಿಗೆ ವಯಸ್ಸಾಗಿದೆ. ಅಂಗಡಿ ಬಿಟ್ಟಿದ್ದಾರೆ. ರೈತರು ಹೊತ್ತು ತಂದ ಪಂಪ್‌ಸೆಟ್ ಮಾತ್ರ ನೋಡುತ್ತಾರೆ.

“ಉಸ್ತಾದ್ರೇ, ಕಂಪ್ರೆಸರ್ ಮಾರಬೇಕು. ಯಾರಾದ್ರೂ ಇದ್ರೆ ಹೇಳ್ರಿ.”

“ಗಾಳಿ ತುಂಬೋದಾ?”

“ಹೌದ್ರಿ.”

“ಕೆಟ್ಟೈತಾ?”

“ಇಲ್ರಿ. ಚೆನ್ನಾಗೈತೆ.”

“ಮತ್ಯಾಕೆ?”

“ಪಾನಾ ಇಡೋಕೆ ಪೆಟ್ಟಿಗೆ ತಗಬೇಕು.”

ಉಸ್ತಾದರು ಚಹಾ ಲೋಟ ಕೆಳಗಿಟ್ಟರು.

“ತೊಟ್ಟಿಲು ತರೋಕೆ ಕೂಸು ಮಾರ್ತೀಯೇನೋ?”

ಹಾಲೇಶಿ ತಲೆ ತಗ್ಗಿಸಿದ. ಕೊಟ್ರಮ್ಮ ಹೇಳಿದ್ದು ಹೇಳಿದ. ಕೆಂಪು ಪೆಟ್ಟಿಗೆಯದೂ ಹೇಳಿದ.

“ಕೊನೇ ಮಾತು ಉಸ್ತಾದ್ರೇ. ಒಂದು ಒಳ್ಳೆ ಸೀರೆ ಬೇಕು ಅಂತಲೂ ಕೇಳಿದವಳಲ್ಲ. ಕೇಳಿದ್ದು ಇದೊಂದು. ಇದನ್ನೂ ಅಗ್ಗದ್ದು ತರಲಾ? ಒಳ್ಳೇದು ತರಬೇಡ್ವಾ?”

“ತರಬೇಕು.”

“ಹಂಗಾದ್ರೆ ಕೆಂಪದು...”

“ಒಳ್ಳೇದು ಅಂದೆ. ಕೆಂಪದು ಅನ್ನಲಿಲ್ಲ.”

“ಒಳ್ಳೇದು ಯಾವುದು ಅಂತ ಹೆಂಗೆ ಗೊತ್ತು ಮಾಡ್ಕಳ್ಳಿ?”

“ಹೋಗಿ ನಿನ್ನ ಪಾನಾ ಎಲ್ಲಾ ತಗಂಡು ಬಾ.”

ಹಾಲೇಶಿ ಹೋಗಿ ಗೋಣಿಚೀಲದಲ್ಲಿ ತುಂಬಿಕೊಂಡು, ಹೆಗಲ ಮೇಲೆ ಹೊತ್ತು ತಂದ. ಉಸ್ತಾದರು ಚೀಲದ ಬಾಯಿ ಬಿಚ್ಚಿ ಎಲ್ಲವನ್ನೂ ನೆಲಕ್ಕೆ ಸುರಿದರು. ಒಂದು ಪಂಪ್‌ಸೆಟ್ ಎಂಜಿನ್ ತೋರಿಸಿದರು.

“ಇದರ ಹೆಡ್ ಬಿಚ್ಚು.”

“ಈಗಲಾ?”

“ಪೆಟ್ಟಿಗೆ ಬಂದ ಮೇಲೆ ಅನ್ನಬೇಡ. ರೈತ ಸಂಜೆಗೆ ಬರ್ತಾನೆ.”

ಹಾಲೇಶಿ ಮಣೆ ಎಳೆದುಕೊಂಡು ಕುಂತ.

ಉಸ್ತಾದರ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಕೆಲಸಕ್ಕೆ ಕುಂತವನ ಕಣ್ಣು ನಟ್ಟು ಬಿಡಬಾರದು. ಪಾನಾ ಬೇಕಾದರೆ ಕೈ ಹೋಗಬೇಕು, ಕಣ್ಣು ಹೋಗಬಾರದು. ತಿರುಗಿ ನೋಡಿದವನ ತಲೆ ಮೇಲೆ ಮೊಟಕು. ಆ ಮೊಟಕು ತಿಂದೇ ಹಾಲೇಶಿ ಕೆಲಸಗಾರನಾಗಿದ್ದ. ಕಟ್ಟಳೆ ಇವತ್ತಿಗೂ ಬಿಟ್ಟಿರಲಿಲ್ಲ.

ಎಡಗೈ ಬೆರಳು ನಟ್ಟಿನ ಮೇಲಿಟ್ಟ. ಕಣ್ಣು ಅಲ್ಲೇ ನೆಟ್ಟ. ಬಲಗೈ ಪಕ್ಕಕ್ಕೆ ಚಾಚಿದ.

“ಹದಿನೇಳು ನಂಬರ್ ಪಾನಾ.”

ಕೈಗೆ ಏನೂ ಬರಲಿಲ್ಲ.

“ಹದಿನೇಳು, ಉಸ್ತಾದ್ರೇ.”

“ಕೇಳಿಸ್ತು.”

“ಕೊಡ್ರಿ ಮತ್ತೆ.”

“ನಾನ್ಯಾವಾಗ ಕೊಟ್ಟಿದ್ದೆ? ಯಾರು ಕೊಡ್ತಿದ್ರು?”

ಚಾಚಿದ ಕೈ ಹಾಗೇ ಇತ್ತು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ ಎಂದು ಹಾಲೇಶಿಗೆ ತಿಳಿಯಲಿಲ್ಲ.

“ಆಕೆ,” ಅಂದ.

“ಎಲ್ಲಿ ಕುಂತಿರ್ತಿದ್ಲು?”

“ಇಲ್ಲೇ. ಬಲಗಡೆ. ಸಣ್ಣದೊಂದು ಸ್ಟೂಲ್ ಹಾಕ್ಕಂಡು.”

“ಎದ್ದು ಹೋಗಿ ತರ್ತಿದ್ಲಾ?”

“ಇಲ್ರಿ. ಎಲ್ಲಾ ಕಾಲ ಹತ್ರ ಹರವಿಕೊಂಡಿರ್ತಿದ್ಲು. ನಾನು ನಂಬರ್ ಹೇಳೋದು, ಆಕೆ ಕೊಡೋದು. ಒಂದೊಂದು ಸಲ ಹೇಳೋಕೂ ಮೊದಲೇ ಕೈಗೆ ಬಂದಿರ್ತಿತ್ತು.”

“ಅಂಕಿ ಓದೋಕೆ ಬರ್ತಿತ್ತಾ?”

“ಎಲ್ಲಿ ಬರ್ತಿತ್ತು! ಬಾಯೊಳಗೆ ಬೆರಳಿಟ್ಟು ನೋಡೋಳು. ಪಾನಾ ಬಾಯೊಳಗೆ. ಇದು ಹತ್ತು, ಇದು ಹನ್ನೆರಡು ಅಂತ ಬೆರಳಿಗೇ ಗೊತ್ತಿತ್ತು.”

ಉಸ್ತಾದರು ರಾಶಿಯಲ್ಲಿ ಒಂದು ಪಾನಾದ ಬಾಯಿಗೆ ಬೆರಳಿಟ್ಟು ನೋಡಿದರು.

“ಸೀರೆಗೆಲ್ಲ ಎಣ್ಣೆ ಅಂತ ದಿನಾ ಬೈಯೋಳು. ನಿಮ್ಮ ಮನೇಗೆ ಸೊಸೆಯಾಗಿ ಬಂದೆನಾ, ಕೂಲಿಗೆ ಬಂದೆನಾ ಅನ್ನೋಳು. ಮರುದಿನ ನನಗಿಂತ ಮೊದಲೇ ಬಂದು ಕುಂತಿರೋಳು.”

ಹಾಲೇಶಿಯ ಕಣ್ಣು ನಟ್ಟಿನ ಮೇಲೇ ಇತ್ತು. ನಟ್ಟು ಕಾಣುತ್ತಿರಲಿಲ್ಲ.

ಹೊಳೆ ತನ್ನಷ್ಟಕ್ಕೆ ಹರಿಯುತ್ತಿತ್ತು. ಉಸ್ತಾದರು ಅವಸರ ಮಾಡಲಿಲ್ಲ. ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು ಅವನ ತೊಡೆ ಮೇಲೆ ಹಾಕಿದರು. ಅವನು ಮುಖ ಒರೆಸಿಕೊಂಡ.

“ಆ ಕೆಂಪು ಪೆಟ್ಟಿಗೆ ಎಷ್ಟೆತ್ತರ ಅಂದೆ?”

“ಎದೆ ಮಟ್ಟ.”

“ನೀನು ಕುಂತ್ಕಳ್ಳೋದು?”

“ನೆಲದ ಮೇಲೆ.”

“ಹದಿನೇಳು ಬೇಕು ಅಂದ್ರೆ?”

ಹಾಲೇಶಿ ಯೋಚನೆ ಮಾಡಿದ.

“ಎದ್ದು ಹೋಗಬೇಕು. ಡ್ರಾಯರ್ ಎಳೀಬೇಕು. ನೋಡಬೇಕು.”

“ಕಣ್ಣು?”

“ನಟ್ಟು ಬಿಡ್ತೈತೆ.” ಅಷ್ಟು ದುಃಖದಲ್ಲೂ ಅವನಿಗೆ ಸಣ್ಣ ನಗು ಬಂತು. “ಮೊಟಕು ಬೀಳ್ತೈತೆ.”

“ಆಕೆ ಕೇಳಿದ್ದು ಪೆಟ್ಟಿಗೆ, ಹಾಲೇಶಿ. ನೀನು ಸಮಾಧಿ ಕಟ್ಟೋಕೆ ಹೊಂಟೀಯ.”

ಉಸ್ತಾದರು ಮೊಣಕಾಲು ಹಿಡಿದುಕೊಂಡು ಎದ್ದರು. ರಾಶಿಯಿಂದ ಒಂದು ಪಾನಾ ಎತ್ತಿಕೊಂಡರು.

“ಕಣ್ಣು ಮುಚ್ಕ. ಕೈ ಚಾಚು. ಆಕೆ ಕೊಡೋವಾಗ ಎಲ್ಲಿಗೆ ಹೋಗ್ತಿತ್ತೋ ಅಲ್ಲಿಗೆ.”

ಹಾಲೇಶಿ ಚಾಚಿದ. ಉಸ್ತಾದರು ಅವನ ಬೆರಳ ತುದಿ ನೋಡಿಕೊಂಡು, ಪಾನಾ ತುದಿಯಿಂದ ಮರಳಿನ ಮೇಲೆ ಒಂದು ಗೆರೆ ಎಳೆದರು.

“ಈ ಗೆರೆ ದಾಟದ್ದು ತಾ. ಅದೇ ಒಳ್ಳೇದು.”

ಹಾಲೇಶಿ ಕಣ್ಣು ತೆರೆದು ಗೆರೆ ನೋಡಿದ. ತುಂಬಾ ಹತ್ತಿರವಿತ್ತು.

“ಈಗ ಹೆಡ್ ಬಿಚ್ಚು. ರೈತ ಬರ್ತಾನೆ.”

ಹಾಲೇಶಿ ತಿರುಗಿದ. ರಾಶಿಯಲ್ಲಿ ಕೈಯಾಡಿಸಿ, ಅಂಕಿ ನೋಡಿ, ಹದಿನೇಳು ಹುಡುಕಿಕೊಂಡ. ಉಸ್ತಾದರು ಮೊಟಕಲಿಲ್ಲ.

ಕೆಲಸ ಮುಗಿಸಿ ಹೊರಟಾಗ ಅವರೇ ಅಂದರು.

“ನಾಳೆ ಬೆಳಿಗ್ಗೆ ನನ್ನ ಮೊಪೆಡ್ ತರ್ತೀನಿ. ಸ್ಟಾರ್ಟ್ ಆಗ್ತಿಲ್ಲ.”

“ನೀವೇ ಮಾಡ್ಕಬಹುದಲ್ರಿ?”

“ಮಾಡ್ಕಬಹುದು.”

ಹಾಲೇಶಿ ನೇರ ಶೆಟ್ಟರ ಅಂಗಡಿಗೆ ಹೋದ. ಇದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಬಲಗಡೆ ಇಡಿಸಿಕೊಂಡ. ಅಂಗಡಿಯ ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕುಂತ. ಕಣ್ಣು ಮುಚ್ಚಿ ಕೈ ಚಾಚಿದ.

“ಇದ್ಯಾವ ಪೂಜೆ ಹಾಲೇಶಪ್ಪ?” ಅಂದರು ಶೆಟ್ಟರು.

“ಸ್ವಲ್ಪ ಸುಮ್ನಿರ್ರೀ.”

ಒಂದು ಆಳ ಹೆಚ್ಚಾಯಿತು. ಕೈ ಮೊಣಕೈ ತನಕ ಮುಳುಗಿತು. ಒಂದರ ಮುಚ್ಚಳ ನಿಲ್ಲದೆ ಮಣಿಕಟ್ಟಿನ ಮೇಲೆ ಬಿತ್ತು. ಇನ್ನೊಂದರ ಅಂಚು ಬೆರಳು ಕೊಯ್ಯುವ ಹಾಗಿತ್ತು.

ಕಡೆಗೆ ಉಳಿದದ್ದು ಆ ತಗಡಿನದು. ಹಿಡಿ ಎರಡೂ ಕಡೆ ಎಳೆದರೆ ಖಾನೆಗಳು ಮೆಟ್ಟಿಲಿನ ಹಾಗೆ ಬಿಚ್ಚಿಕೊಂಡು ಅಗಲವಾಗಿ ನಿಲ್ಲುತ್ತಿದ್ದವು. ಎಲ್ಲವೂ ಎದುರಿಗೇ. ಯಾವುದೂ ಇನ್ನೊಂದರ ಕೆಳಗೆ ಅಡಗುತ್ತಿರಲಿಲ್ಲ. ಅಂಚು ಮಡಚಿ ಹೊಡೆದಿದ್ದರು. ಬೆಲೆ ಅವನ ಕೈಗೆ ಎಟಕುವಂಥದ್ದು.

“ಇದೇ ಕೊಡ್ರಿ.”

“ಚಿಲಕ ಸರಿಯಿಲ್ಲ ಅಂದಿದ್ರಿ?”

“ಕೆಲಸ ಮಾಡೋವಾಗ ಯಾರ್ರೀ ಚಿಲಕ ಹಾಕ್ತಾರೆ?”

ಮರುದಿನ ಬೆಳಿಗ್ಗೆ ಹಾಲೇಶಿ ಶೆಟರ್ ಎತ್ತಿದ. ತುಕ್ಕು ಹಿಡಿದಿತ್ತು, ಕಿರುಗುಟ್ಟಿತು. ಕಸ ಹೊಡೆದ. ನೀರು ಚಿಮುಕಿಸಿದ. ಪಾನಾಗಳನ್ನು ಒಂದೊಂದೇ ಒರೆಸಿ ಖಾನೆಗೆ ಹಾಕಿದ. ಪೆಟ್ಟಿಗೆಯನ್ನು ತನ್ನ ಬಲಗಡೆ, ಅವಳು ಕೂರುತ್ತಿದ್ದ ಜಾಗದಲ್ಲಿ, ಬಿಚ್ಚಿ ಇಟ್ಟ.

ಉಸ್ತಾದರು ಮೊಪೆಡ್ ತಳ್ಳಿಕೊಂಡು, ಏದುಸಿರು ಬಿಡುತ್ತಾ ಬಂದರು. ಹೊಸ್ತಿಲ ಮೇಲೆ ಕುಂತರು. ಪೆಟ್ಟಿಗೆ ನೋಡಿದರು.

ಹಾಲೇಶಿ ಮಣೆ ಹಾಕಿಕೊಂಡು ಕುಂತ. ಬೆರಳು ನಟ್ಟಿನ ಮೇಲೆ. ಕಣ್ಣು ನಟ್ಟಿನ ಮೇಲೆ. ಬಲಗೈ ಚಾಚಿದ.

“ಹತ್ತು,” ಅಂತ ಬಾಯಿ ತಾನೇ ಅಂದುಬಿಟ್ಟಿತು.

ಯಾರೂ ಕೊಡಲಿಲ್ಲ. ಕೈ ಮುಂದೆ ಹೋಯಿತು. ಖಾನೆಗೆ ಇಳಿಯಿತು. ತಡಕಾಡಿತು. ಒಂದನ್ನು ಹಿಡಿದು ತಂದಿತು.

ನಟ್ಟಿಗೆ ಹಾಕಿದ. ಪಾನಾ ಸಡಿಲವಾಗಿ ತಿರುಗಿತು. ಹನ್ನೆರಡು.

ಅದನ್ನಿಟ್ಟು ಮತ್ತೆ ಕೈ ಕಳಿಸಿದ. ಈ ಸಲ ನಟ್ಟಿನ ಮೇಲೆ ಕೂರಲೇ ಇಲ್ಲ. ಎಂಟು.

ಹಾಲೇಶಿ ಕೈ ತೊಡೆ ಮೇಲೆ ಇಳಿಸಿದ.

“ಬರ್ತಿಲ್ಲ ಉಸ್ತಾದ್ರೇ. ಬರೀ ತಪ್ಪೇ ಬರ್ತೈತೆ.”

ಉಸ್ತಾದರು ರಸ್ತೆ ನೋಡುತ್ತಾ ಕುಂತಿದ್ದರು. ತಿರುಗದೆ ಕೇಳಿದರು.

“ಮೊದಲನೇ ದಿನ ಆಕೆ ಎಲ್ಲಾ ಸರಿಯಾದ್ದೇ ಕೊಟ್ಟಿದ್ಲಾ?”