ಕೂಗು ನಿಂತರೆ

ರಿಪೇರಿ ಕಲಿಸುವ ಗುರುಗಳೊಬ್ಬರನ್ನು ಶಿಷ್ಯ ಕೇಳಿದ: "ಸುಟ್ಟ ಟ್ರಾನ್ಸಿಸ್ಟರಿನ ನಂಬರು ಪೇಟೆಯಲ್ಲಿ ಸಿಗಲಿಲ್ಲ, ಗುರುಗಳೇ. ಬೇರೆಯದನ್ನು ಹಾಕಿದೆ. ಆಂಪ್ಲಿಫೈಯರ್ ಮಾತಾಡುತ್ತಿದೆ. ಹಾಕಿದ್ದು ಕೆಲಸ ಮಾಡಿದರೆ ಅದೇ ಸರಿಯಾದ ಬದಲಿ ಅಲ್ಲವೇ?"

ಗುರುಗಳು ಮೇಜಿನ ಮೇಲಿದ್ದ ಆಂಪ್ಲಿಫೈಯರನ್ನು ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೈ ಒಳ್ಳೆಯದು. ಅವನ ಬೆಸುಗೆಯಲ್ಲಿ ಯಾರೂ ತಪ್ಪು ಹುಡುಕಿದವರಿಲ್ಲ. ಕಲ್ಲುಗಣಿಯಲ್ಲಿ ಮದ್ದಿನ ಬತ್ತಿ ಹಚ್ಚುವ ಒಬ್ಬ ಆಳು ಅವನ ಬಳಿಗೆ ಕೆಟ್ಟ ಸೈರನ್ ತಂದ.

"ನೋಡಿ ಮಾಡಿಕೊಡಿ, ಸ್ವಾಮಿ," ಎಂದ. "ನನ್ನ ಹೆಂಡತಿಯೂ ಅಲ್ಲೇ ಜಲ್ಲಿ ಒಡೆಯುತ್ತಾಳೆ. ನನ್ನ ಮಾತನ್ನು ಒಂದು ದಿನವೂ ಕೇಳಿದವಳಲ್ಲ. ಇದರ ಮಾತು ಮಾತ್ರ ಕೇಳುತ್ತಾಳೆ."

ಮೆಕ್ಯಾನಿಕ್ ನಕ್ಕು ಸೈರನ್ ಬಿಚ್ಚಿದ. ದೊಡ್ಡ ಟ್ರಾನ್ಸಿಸ್ಟರ್ ಒಂದು ಸುಟ್ಟಿತ್ತು. ಅಂಥದ್ದು ಅವನಲ್ಲಿರಲಿಲ್ಲ. "ತರಿಸಿದರೆ ಹತ್ತು ದಿನ," ಎಂದ.

"ಹತ್ತು ದಿನ ಆಗಲಿ. ಅಲ್ಲಿಯತನಕ ಬತ್ತಿ ಹಚ್ಚುವುದಿಲ್ಲ. ಬಿದ್ದಿರುವ ಕಲ್ಲನ್ನೇ ಒಡೆಯುತ್ತೇವೆ."

"ಯಾಕೆ ಕಾಯುತ್ತೀ? ಅಣ್ಣ ಊರಲ್ಲಿಲ್ಲದಿದ್ದರೆ ತಮ್ಮನನ್ನು ಕರೆದರಾಯಿತು. ಇದೂ ಅದೇ ಮನೆಯದು," ಎಂದು ಮೆಕ್ಯಾನಿಕ್ ಬೇರೊಂದು ಟ್ರಾನ್ಸಿಸ್ಟರ್ ಎತ್ತಿ ತೋರಿಸಿದ.

ಅವನು ಅಳತೆಗಳ ಪುಸ್ತಕ ನೋಡದೆ ಆಡಿದ ಮಾತಲ್ಲ ಅದು. ನೋಡಿದ್ದ. ಕಾಲುಗಳ ಸಾಲು ಸರಿಯಿತ್ತು. ವೋಲ್ಟೇಜ್ ಸರಿಯಿತ್ತು. ಕರೆಂಟ್ ಸರಿಯಿತ್ತು. ಲೋಹದ ಮೈ ಕೂಡ ಅದೇ ಅಳತೆ. ತಾಳುವ ಬಿಸಿ ಮಾತ್ರ ಅರ್ಧ. ಅದನ್ನೂ ಓದಿದ. ಸೈರನ್ ತಾನೇ, ಎಷ್ಟು ಹೊತ್ತು ಕೂಗೀತು ಎಂದುಕೊಂಡ. ಅಂದುಕೊಂಡದ್ದನ್ನು ಎದುರಿಗೆ ನಿಂತವನನ್ನು ಕೇಳಲಿಲ್ಲ.

ಬೆಸುಗೆ ಹಾಕಿ ಸ್ವಿಚ್ ಒತ್ತಿದ. ಸೈರನ್ ಕೂಗಿತು. ಪಕ್ಕದ ಅಂಗಡಿಯವರು ಕಿವಿ ಮುಚ್ಚಿಕೊಂಡು ಬೈದರು. ಅರ್ಧ ನಿಮಿಷಕ್ಕೆ ಆರಿಸಿ ಕೊಟ್ಟುಬಿಟ್ಟ.

ಆ ಗಣಿಯಲ್ಲಿ ಒಂದು ಪದ್ಧತಿ ಇತ್ತು. ಬತ್ತಿಗೆ ಬೆಂಕಿ ಇಡುವ ಮೊದಲು ಸೈರನ್ ಹಾಕುತ್ತಾರೆ. ಬತ್ತಿ ಉರಿಯಲು ನಾಲ್ಕು ನಿಮಿಷ ಬೇಕು. ಬಂಡೆ ಸಿಡಿದು, ಹಾರಿದ ಕಲ್ಲೆಲ್ಲ ನೆಲ ಕಂಡ ಮೇಲೆಯೇ ಸೈರನ್ ಆರಿಸುತ್ತಾರೆ. ಅಲ್ಲಿಯವರೆಗೆ ಎಲ್ಲರೂ ಮರೆಯಲ್ಲಿ ಕೂತಿರಬೇಕು. ಸದ್ದು ನಿಂತರೆ ಹೊರಗೆ ಬರಬಹುದು. ಮೇಲಿನಿಂದ ಕಿರುಚಿ ಹೇಳಿದರೆ ಕೆಳಗೆ ಕೇಳುವುದಿಲ್ಲ. ಆದ್ದರಿಂದಲೇ "ಕೂಗು ನಿಂತರೆ ಕೆಲಸ" ಎಂಬುದು ಅಲ್ಲಿಯ ಮಾತು.

ಮರುದಿನ ಆ ಆಳು ಸೈರನ್ ಹಾಕಿ ಬತ್ತಿ ಹಚ್ಚಿದ. ಎರಡನೆಯ ನಿಮಿಷದಲ್ಲಿ ಬಿಸಿಯೇರಿ ಸೈರನ್ ನಿಂತಿತು. ಬತ್ತಿ ನಿಲ್ಲಲಿಲ್ಲ. ಅವನ ಹೆಂಡತಿ ಎಲ್ಲರಿಗಿಂತ ಮೊದಲು ಸುತ್ತಿಗೆ ಹಿಡಿದು ಹೊರಗೆ ಬಂದಳು. ಅವನು ಮೇಲಿನಿಂದ ಕೈ ಬೀಸಿ ಕೂಗಿದ. ಅವಳು ತಲೆ ಎತ್ತಿ ನೋಡಿದಳು. ನಕ್ಕು ಮುಂದೆ ನಡೆದಳು. ಅಂದೂ ಅವಳು ಸೈರನ್ನಿನ ಮಾತನ್ನೇ ಕೇಳಿದಳು.

ಸಂಜೆ ಮೆಕ್ಯಾನಿಕ್‌ನನ್ನು ಗಣಿಗೆ ಕರೆಸಿದರು. ಅವನು ಎಲ್ಲರ ಎದುರಿಗೆ ಸ್ವಿಚ್ ಒತ್ತಿದ. ತಣ್ಣಗಾಗಿದ್ದ ಸೈರನ್ ಕೂಡಲೇ ಕೂಗಿತು.

"ನೋಡಿ, ಕೆಲಸ ಮಾಡುತ್ತಿದೆ," ಎಂದ.

ಆರಿಸಲು ಅವನು ಕೈ ಚಾಚಿದಾಗ ಗಂಡ ಆ ಕೈಯನ್ನು ಹಿಡಿದುಕೊಂಡ. ಬಿಡಲಿಲ್ಲ. ಇಬ್ಬರೂ ಹಾಗೆಯೇ ನಿಂತರು. ಎರಡನೆಯ ನಿಮಿಷದಲ್ಲಿ ಕೂಗು ತಾನಾಗಿ ನಿಂತಿತು. ಆಮೇಲೆ ಗಂಡ ಅವನ ಕೈ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: "ಬಿಸಿಯ ಲೆಕ್ಕವನ್ನು ನಾನು ನೋಡಿದ್ದೇನೆ, ಗುರುಗಳೇ. ನಾನು ಹಾಕಿದ್ದು ಹಳೆಯದಕ್ಕಿಂತ ಸ್ವಲ್ಪವೇ ಕಡಿಮೆ. ಇದು ಬರೀ ಆಂಪ್ಲಿಫೈಯರ್."

"ಯಾರದು?"

"ಗೊತ್ತಿಲ್ಲ. ಯಾರೋ ಇಟ್ಟುಹೋದರು. ಇನ್ನೇನು ಬರುತ್ತಾರೆ."

ಗುರುಗಳು ಕೇಳಿದರು: "ಇದರ ಸದ್ದು ನಿಂತರೆ, ಕೇಳುತ್ತಿದ್ದವರು ಏನೆಂದು ತಿಳಿಯುತ್ತಾರೆ?"